ಕೊನೆಯ ಗೇಣು

ಕೊರೆಯುವಷ್ಟು ತಣ್ಣಗೆ ಮಾಡಿ ದ್ರವವಾಗಿಸಿದ ಅನಿಲವನ್ನು ಸಾಗಿಸುವ ಹಡಗೊಂದರಲ್ಲಿ, ಟ್ಯಾಂಕಿನ ತಳಕ್ಕೆ ಹೊಸ ಪಂಪೊಂದನ್ನು ಕೂರಿಸಿದ್ದರು. ದ್ರವದಲ್ಲಿ ಮುಳುಗಿಕೊಂಡೇ ಅದು ಸರಕನ್ನು ದಡಕ್ಕೆ ಎತ್ತುತ್ತಿತ್ತು. ಅಂದು ಟ್ಯಾಂಕು ಖಾಲಿ ಮಾಡುವುದನ್ನು ಕಲಿಯಲು ನಾವಿಕರು ಬಂದಿದ್ದರಿಂದ ಅದಕ್ಕೆ ಹುಮ್ಮಸ್ಸು ಹೆಚ್ಚಿತ್ತು.

ತಳದಲ್ಲಿ ಒಂದು ಗೇಣು ಉಳಿದಾಗ, ಮಟ್ಟ ಅಳೆಯುವ ಹಳೆಯ ಮಾಪಕ ಹೇಳಿತು: "ಸಾಕು, ನಿಲ್ಲಿಸು."

"ತಳ ಕಾಣುವ ಮೊದಲೇ ನಿಲ್ಲಿಸುವವರು ಸೋಮಾರಿಗಳು," ಎಂದಿತು ಪಂಪು.

"ನಿನ್ನ ಮೈಯನ್ನು ತಂಪಾಗಿ ಇಟ್ಟಿರುವುದು ಆ ದ್ರವವೇ."

"ತಂಪು ನನ್ನ ಹುಟ್ಟುಗುಣ. ನಾನು ಬಿಸಿಯಾದದ್ದನ್ನು ಒಮ್ಮೆಯಾದರೂ ನೋಡಿದ್ದೀರಾ?"

"ಇಲ್ಲ. ನೀನು ಮುಳುಗದೆ ಕೆಲಸ ಮಾಡಿದ್ದನ್ನೂ ನೋಡಿಲ್ಲ."

ಪಂಪು ಎಳೆಯುತ್ತಲೇ ಹೋಯಿತು. ಸ್ವಲ್ಪ ಹೊತ್ತಿಗೆ ದ್ರವ ಅದರ ಮೈಯಿಂದ ಕೆಳಗಿಳಿದು, ಒಳಗಿನ ಬೇರಿಂಗು ಸುಟ್ಟುಹೋಗಿ ಪಂಪು ನಿಂತುಬಿಟ್ಟಿತು.

"ಇನ್ನೆಷ್ಟು ಉಳಿದಿದೆ?" ಎಂದು ಕೇಳಿತು.

"ಮುಕ್ಕಾಲು ಗೇಣು," ಎಂದಿತು ಮಾಪಕ.

ಈಗ ಆ ಪಂಪು ತರಬೇತಿ ಕೋಣೆಯ ಮೇಜಿನ ಮೇಲಿದೆ. ಕರ್ಕೇರ ಮೇಷ್ಟ್ರು ಕಲಿಯಲು ಬಂದ ಪ್ರತಿ ತಂಡಕ್ಕೂ ಅದನ್ನು ಮುಟ್ಟಿ ನೋಡಲು ಹೇಳುತ್ತಾರೆ. ಫ್ಯಾನಿನ ಕೆಳಗೆ ಇಟ್ಟಿರುವುದರಿಂದ ತಂಪಾಗಿಯೇ ಇರುತ್ತದೆ.