ಸೋರುವ ಮೂಲೆ, ಎರಡು ತೊಟ್ಟಿಲು

ಲೋಕ ಆಗಿನ್ನೂ ಹಸಿಯಾಗಿತ್ತು. ಎಲ್ಲಿ ಕೂರುವುದೆಂದು ಬೆಟ್ಟಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಹೊಳೆಗೆ ದಾರಿ ಗೊತ್ತಿರಲಿಲ್ಲ, ಎದುರು ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಬೆಂಕಿಗೂ ಬರುತ್ತಿತ್ತು. ಆದರೆ ಅವೆರಡರ ನಡುವೆ ಮಾತು ಬಿಟ್ಟುಹೋಗಿತ್ತು. ಎಲ್ಲಿ ಬೆಂಕಿ ಕಂಡರೂ ಗಾಳಿ ಊದಿ ಆರಿಸಿಬಿಡುತ್ತಿತ್ತು. ದೀಪವಾದರೂ ಅಷ್ಟೆ, ಕೆಂಡವಾದರೂ ಅಷ್ಟೆ.

ಆಗ ಹೆಣ್ಣಿಗೊಂದು ಸ್ವಭಾವ, ಗಂಡಿಗೊಂದು ಸ್ವಭಾವ ಎಂದು ಇರಲಿಲ್ಲ. ಅಳು ಬಂದವರು ಅಳುತ್ತಿದ್ದರು. ಕೂಗಬೇಕೆನಿಸಿದವರು ಕೂಗುತ್ತಿದ್ದರು. ದೂರದ ಬೆಟ್ಟ ನೋಡುವ ಆಸೆಯಾದವರು ಎದ್ದು ಹೊರಡುತ್ತಿದ್ದರು.

ಹುಲ್ಲುಬಯಲಿನ ಅಂಚಿನಲ್ಲಿ ಕೆಂಚವ್ವ ಎಂಬಾಕೆ ಇದ್ದಳು. ಮಕ್ಕಳು ಹೊಟ್ಟೆಯಲ್ಲಿರುವಾಗಲೇ ಗಂಡ ತೀರಿಕೊಂಡಿದ್ದ. ನೆರವಿಗೆ ಬಂದವರನ್ನೆಲ್ಲ ಕೆಂಚವ್ವ ಬಾಗಿಲಿಂದಲೇ ಕಳಿಸಿದಳು. ತಾನೇ ಗಳ ಹೊತ್ತಳು, ತಾನೇ ಹುಲ್ಲು ಕೊಯ್ದಳು, ತಾನೇ ಗುಡಿಸಲು ಕಟ್ಟಿದಳು. ಚೆಂದದ ಗುಡಿಸಲೇ. ಒಂದು ಮೂಲೆ ಮಾತ್ರ ಸೋರುತ್ತಿತ್ತು. ಅದನ್ನು ಆಕೆ ಯಾರಿಗೂ ಹೇಳಲಿಲ್ಲ. ಆ ಮೂಲೆಗೆ ಅಡ್ಡಲಾಗಿ ಒಂದು ಚಾಪೆ ಕಟ್ಟಿ ಸುಮ್ಮನಾದಳು.

ಅವಳಿ ಮಕ್ಕಳು ಹುಟ್ಟಿದವು. ಮೊದಲು ಹೆಣ್ಣು, ಆಮೇಲೆ ಗಂಡು. ಹೆಣ್ಣಿಗೆ ಹೂವಿ ಎಂದು ಹೆಸರಿಟ್ಟಳು, ಗಂಡಿಗೆ ಬೀರ ಎಂದಳು. ಬಳ್ಳಿ ಹೆಣೆದು ಎರಡು ತೊಟ್ಟಿಲು ಮಾಡಿ ಎರಡನ್ನೂ ಒಂದೇ ಕಡೆ ತೂಗುಬಿಡಬೇಕೆಂದಿದ್ದಳು. ಆದರೆ ತೊಟ್ಟಿಲು ಎರಡು ಹಿಡಿಸುವಷ್ಟು ಜಾಗವಿದ್ದದ್ದು ಆ ಸೋರುವ ಮೂಲೆಯಲ್ಲೇ. ಉಳಿದದ್ದು ಒಲೆಯ ಹತ್ತಿರ ಒಂದಿಷ್ಟು, ಬಾಗಿಲ ಹತ್ತಿರ ಒಂದಿಷ್ಟು. ಹೂವಿ ಗಿಡ್ಡಗೆ, ಸಣ್ಣಗೆ, ಮುಟ್ಟಿದರೆ ತಣ್ಣಗಿದ್ದಳು. ಅದಕ್ಕೆ ಅವಳನ್ನು ಒಲೆಯ ಹತ್ತಿರ ತೂಗಿದಳು. ಬೀರ ದುಂಡಗಿದ್ದ, ಸದಾ ಬೆವರುತ್ತಿದ್ದ. ಅವನನ್ನು ಬಾಗಿಲ ಹತ್ತಿರ ತೂಗಿದಳು. ಅಷ್ಟೇ ಕಾರಣ. ಬೇರೇನೂ ಇರಲಿಲ್ಲ.

ಮಕ್ಕಳನ್ನು ನೋಡಲು ಪಕ್ಕದ ಗುಡಿಸಲಿನ ಸಾತವ್ವ ಬಂದಳು. ಆಕೆಗೆ ಎಲ್ಲದಕ್ಕೂ ಕಾರಣ ಬೇಕು.

"ಯಾಕಕ್ಕಾ, ಗಂಡನ್ನ ಬಾಗಿಲ ಹತ್ರ ಕಟ್ಟಿದೀಯ, ಹೆಣ್ಣನ್ನ ಒಲೆ ಹತ್ರ ಕಟ್ಟಿದೀಯ?"

ಕೆಂಚವ್ವ ಚಾಪೆಯ ಕಡೆ ಒಮ್ಮೆ ನೋಡಿದಳು. ಸೂರು ಸೋರುತ್ತದೆ ಎನ್ನಲು ಬಾಯಿ ಬರಲಿಲ್ಲ.

"ಅದು ಹಂಗೇ ಕಟ್ಟಬೇಕು" ಎಂದಳು.

ಸಾತವ್ವ ಮನೆಗೆ ಹೋದವಳೇ ತನ್ನ ಮಗನ ತೊಟ್ಟಿಲನ್ನು ಬಾಗಿಲಿಗೆ ಒಯ್ದಳು. ಅವಳನ್ನು ನೋಡಿ ಇನ್ನೊಬ್ಬಳು ಮಗಳ ತೊಟ್ಟಿಲನ್ನು ಒಲೆಯ ಹತ್ತಿರ ಒಯ್ದಳು, ಇನ್ನೊಬ್ಬಳನ್ನು ನೋಡಿ ಮತ್ತೊಬ್ಬಳು. ಕೆಂಚವ್ವ ಮಾಡಿದ್ದಾಳೆ ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕು ಎಂದು ಊರೆಲ್ಲ ಅಂದುಕೊಂಡಿತು.

ತೊಟ್ಟಿಲು ತೂಗಿದವು. ಬಾಗಿಲಲ್ಲಿ ಗಾಳಿ ಬೀರನ ಕಿವಿಗೆ ಮಾತಾಡಿತು. ಬಾ, ಬೆಟ್ಟದಾಚೆ ಏನಿದೆ ನೋಡೋಣ ಎಂದಿತು. ನಿಂತರೆ ನಾನು ಗಾಳಿಯೇ ಅಲ್ಲ, ನೀನೂ ನಿಲ್ಲಬೇಡ ಎಂದಿತು. ಕಣ್ಣಲ್ಲಿ ನೀರು ಬಂದರೆ ಯಾರೂ ನೋಡುವ ಮೊದಲೇ ಒಣಗಿಸಿಬಿಡುತ್ತಿತ್ತು.

ತೊಟ್ಟಿಲು ತೂಗಿದವು. ಒಲೆಯಲ್ಲಿ ಬೆಂಕಿ ಹೂವಿಯ ಕಿವಿಗೆ ಮಾತಾಡಿತು. ಯಾರು ಉಂಡಿಲ್ಲ ನೋಡು ಎಂದಿತು. ಯಾರ ಮುಖ ಬಾಡಿದೆ ನೋಡು ಎಂದಿತು. ನಿನ್ನ ಒಳಗಿನದನ್ನು ಮಾತ್ರ ನನ್ನ ಹಾಗೆ ಬೂದಿ ಮುಚ್ಚಿ ಇಟ್ಟುಕೋ, ಆಗ ಬೆಳಗಿನವರೆಗೂ ಉಳಿಯುತ್ತದೆ ಎಂದಿತು.

ಮಕ್ಕಳು ಬೆಳೆದರು. ಬೀರ ಬಯಲೆಲ್ಲ ತಿರುಗುತ್ತಿದ್ದ, ಬಿದ್ದರೂ ನಗುತ್ತಿದ್ದ, ನೋವು ಎಂದರೇನೆಂದು ಗೊತ್ತಿಲ್ಲದವನ ಹಾಗೆ. ಹೂವಿ ಮನೆಗೆ ಬಂದವರ ಕಾಲ ಸಪ್ಪಳದಲ್ಲೇ ಅವರ ಹಸಿವು ತಿಳಿಯುತ್ತಿದ್ದಳು, ತನ್ನ ಹಸಿವನ್ನು ಹೇಳುತ್ತಿರಲಿಲ್ಲ. ಕೆಂಚವ್ವನಿಗೆ ಇಬ್ಬರ ಮೇಲೂ ಹೆಮ್ಮೆಯಿತ್ತು. ಇಬ್ಬರೂ ತನ್ನ ಹಾಗೆ ಗಟ್ಟಿ ಎಂದುಕೊಂಡಿದ್ದಳು.

ಒಂದು ದಿನ ಬೀರ ಬಯಲಿಗೆ ಹೋದವನು ಬರಲಿಲ್ಲ. ಆ ಬಯಲಿನಲ್ಲಿ ಹುಲ್ಲು ಆಳೆತ್ತರ, ಹೊತ್ತು ಇಳಿದರೆ ತೋಳಗಳು ಓಡಾಡುವ ಜಾಗ. ಕೆಂಚವ್ವ ಹೊಳೆಯ ದಂಡೆಯುದ್ದಕ್ಕೂ ಕೂಗಿದಳು, ದಿಬ್ಬ ಹತ್ತಿ ಕೂಗಿದಳು. ಗಂಟಲು ಕಟ್ಟಿತೇ ಹೊರತು ಓಗೊಡುವವರು ಸಿಗಲಿಲ್ಲ. ಸಂಜೆಗೆ ಸೋತು ಮನೆಗೆ ಬಂದಳು.

ಹೂವಿ ಒಲೆಯ ಮುಂದೆ ಕೂತಿದ್ದಳು. ಅವಳ ಮುಖ ನೋಡಿದ ಕೂಡಲೇ ತಾಯಿಗೆ ಅನುಮಾನ ಬಂತು. ನಿನಗೇನಾದರೂ ಗೊತ್ತೇ ಎಂದು ಕೇಳಿದಳು. ಹುಡುಗಿ ಒಲೆಯ ಕೆಂಡದ ಮೇಲೆ ಬೂದಿ ಎಳೆದಳು. ಅವನ ಕಾಲಿಗೆ ಮುಳ್ಳು ಮುರಿದಿತ್ತು, ಪಾದ ಬಾತಿತ್ತು, ಬೆಳಿಗ್ಗೆ ಕುಂಟುತ್ತಲೇ ಹೋದ ಎಂದಳು. ತನಗೆ ಕಂಡಿತ್ತು ಎಂದಳು.

"ಕಂಡಿದ್ದೋಳು ಯಾಕೆ ಹೇಳಲಿಲ್ಲ?"

"ಅವನೂ ಹೇಳಲಿಲ್ಲವಲ್ಲ, ಅವ್ವಾ."

ಕೆಂಚವ್ವ ಬಾಗಿಲಿಗೆ ಓಡಿ ಗಾಳಿಯನ್ನು ಕೇಳಿದಳು. ನನ್ನ ಮಗ ಎಲ್ಲಿ, ನಿನಗೆ ಗೊತ್ತಿರದೆ ಇರದು ಎಂದಳು.

"ಗೊತ್ತು" ಎಂದಿತು ಗಾಳಿ. "ನಿನ್ನ ಕೂಗನ್ನ ಅವನ ಕಿವಿಗೂ ಮುಟ್ಟಿಸಿದೀನಿ. ಅವನು ಓಗೊಡೋದಿಲ್ಲ. ಅವ್ವನ ಎದುರು ನೋವು ಅನ್ನೋಕೆ ಅವನಿಗೆ ನಾಚಿಕೆ. ದಾರಿ ತೋರಿಸೋಕೆ ನನಗೆ ಕೈಯಿಲ್ಲ, ದನಿ ಹೊರೋದಷ್ಟೇ ನನಗೆ ಬರೋದು. ಅವನು ದನಿ ಮಾಡಿದರೆ ತಾನೇ ನಾನು ಹೊತ್ತು ತರೋದು?"

ಕೆಂಚವ್ವ ಹೊಸಿಲ ಮೇಲೇ ಕೂತಳು. ಗಳ ಹೊರುವಾಗ ಬೆನ್ನು ಉಳುಕಿದ್ದು, ಮಳೆ ಬಂದಾಗಲೆಲ್ಲ ಚಾಪೆಯ ಹಿಂದೆ ಗುಟ್ಟಾಗಿ ನೀರು ತೋಡಿದ್ದು, ಮಕ್ಕಳ ಎದುರು ಒಂದು ದಿನವೂ ಅಮ್ಮಾ ಎಂದು ನರಳದೇ ಇದ್ದದ್ದು ಎಲ್ಲ ಕಣ್ಣ ಮುಂದೆ ಬಂತು.

ಆಗ ಹೂವಿ ಎದ್ದಳು. ಒಡೆದ ಮಡಕೆಯ ಚೂರಿನಲ್ಲಿ ಒಂದು ಕೆಂಡ ಹಾಕಿಕೊಂಡು ಬಾಗಿಲಿಗೆ ಬಂದಳು. ತೋಳಕ್ಕೆ ಬೆಂಕಿಯ ಭಯ. ಆದರೆ ಬೆಂಕಿಗೆ ಗಾಳಿಯ ಭಯ. ಗಾಳಿಯನ್ನು ಕಂಡ ಕೂಡಲೇ ಕೆಂಡ ಕಪ್ಪಗಾಗುತ್ತ ಬಂತು.

ಹೂವಿ ಹೊಸಿಲು ದಾಟಿ ಕೆಂಡಕ್ಕೆ ಅಂಗೈ ಮರೆ ಮಾಡಿ ನಿಂತಳು.

"ಅವನನ್ನ ಸಾಕಿದ್ದು ನೀನು, ನನ್ನನ್ನ ಸಾಕಿದ್ದು ಇದು" ಎಂದಳು ಗಾಳಿಗೆ. "ಇದನ್ನ ಆರಿಸಿದರೆ ಅವನನ್ನ ತೋಳ ತಿನ್ನುತ್ತೆ."

ಲೋಕ ಹುಟ್ಟಿದಂದಿನಿಂದ ನಿಲ್ಲದ ಗಾಳಿ ಅಂದು ಆ ಬಾಗಿಲಲ್ಲಿ ನಿಂತಿತು. ಆಮೇಲೆ, ಹಾಲಿನ ಕೆನೆ ಸರಿಸಲು ಊದುವ ಹಾಗೆ, ಮೆಲ್ಲಗೆ ಊದಿತು. ಕೆಂಡ ಆರಲಿಲ್ಲ. ಬೂದಿ ಹಾರಿತು, ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

ಹೂವಿ ಬಯಲಿಗೆ ಮುಖ ಮಾಡಿ, ಹುಟ್ಟಿದ ಮೇಲೆ ಮೊದಲ ಸಲ, ಎದೆ ಬಿರಿಯುವ ಹಾಗೆ ತಮ್ಮನ ಹೆಸರು ಹಿಡಿದು ಕೂಗಿದಳು. ನನಗೆ ಹೆದರಿಕೆ ಆಗುತ್ತಿದೆ, ನೀನಿಲ್ಲದೆ ಇರಲಾರೆ ಎಂದು ಕೂಗಿದಳು. ಗಾಳಿ ಆ ದನಿಯನ್ನು ಎತ್ತಿಕೊಂಡು ಓಡಿತು.

ಸ್ವಲ್ಪ ಹೊತ್ತಿಗೆ ಗಾಳಿ ಮರಳಿ ಬಂತು. ಅದರ ಜೊತೆ ಬೀರನ ಅಳು ಬಂತು. ಬಿಕ್ಕಿ ಬಿಕ್ಕಿ ಅಳುವ ಅಳು.

ಅಳು ಬಂದ ದಿಕ್ಕಿಗೆ ತಾಯಿ ಮಗಳು ನಡೆದರು. ದಾರಿಯುದ್ದಕ್ಕೂ ಗಾಳಿ ಊದುತ್ತಿತ್ತು, ಕೆಂಡ ಬೆಳಗುತ್ತಿತ್ತು, ಹುಲ್ಲಿನಲ್ಲಿ ಹೊಳೆದ ತೋಳದ ಕಣ್ಣುಗಳು ಹಿಂದೆ ಸರಿದವು. ಒಂದು ಕೊರಕಲಿನಲ್ಲಿ ಬೀರ ಬಿದ್ದಿದ್ದ. ಕೆಂಚವ್ವ ಮಗನನ್ನು ಬೆನ್ನಿಗೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ನಡೆದವಳು ನಿಂತು, "ನನ್ನ ಬೆನ್ನು ನೋಯ್ತದೆ ಕಣೋ" ಎಂದಳು. ಬೀರ ಅಳುತ್ತಲೇ ತಾಯಿಯ ಕುತ್ತಿಗೆ ತಬ್ಬಿಕೊಂಡ.

ಮರುದಿನ ಕೆಂಚವ್ವ ಊರ ಹೆಂಗಸರನ್ನೆಲ್ಲ ಕರೆದಳು. ಚಾಪೆ ಕಿತ್ತು ಸೋರುವ ಮೂಲೆ ತೋರಿಸಿದಳು. ತೊಟ್ಟಿಲನ್ನು ಹಾಗೆ ಕಟ್ಟಿದ್ದು ಸೂರು ಸೋರುತ್ತಿದ್ದ ಕಾರಣಕ್ಕೆ, ಬೇರೇನಕ್ಕೂ ಅಲ್ಲ ಎಂದಳು.

ಹೊರಗೆ ಬಂದ ಮೇಲೆ ಸಾತವ್ವ, ಅಕ್ಕ ದೊಡ್ಡ ಮನಸ್ಸಿನವಳು, ತನಗೇನೂ ಗೊತ್ತಿಲ್ಲದ ಹಾಗೆ ಮಾತಾಡುತ್ತಾಳೆ ಎಂದಳು. ಮನೆಗೆ ಹೋಗಿ ತೊಟ್ಟಿಲನ್ನು ಇದ್ದಲ್ಲೇ ಬಿಟ್ಟಳು. ಹೆಚ್ಚಿನವರು ಹಾಗೇ ಬಿಟ್ಟರು. ಕೆಲವರು ಮಾತ್ರ ಬಿಚ್ಚಿ ತಂದು, ಒಲೆಯ ಮಾತೂ ಬಾಗಿಲಿನ ಮಾತೂ ಕೇಳುವ ಹಾಗೆ ಮನೆಯ ನಡುವೆ ಕಟ್ಟಿದರು.

ಅದಕ್ಕೇ ಮಗಾ, ಇವತ್ತಿಗೂ ಎಷ್ಟೋ ಗಂಡಸರು ನೋವನ್ನು ಹೇಳದೆ ಎದ್ದು ಹೊರಗೆ ನಡೆಯುತ್ತಾರೆ, ಎಷ್ಟೋ ಹೆಂಗಸರು ಎಲ್ಲರ ಹಸಿವು ಕೇಳಿ ತಮ್ಮದನ್ನು ಮುಚ್ಚಿಡುತ್ತಾರೆ. ನಡುಮನೆಯಲ್ಲಿ ತೂಗಿಸಿಕೊಂಡವರು ಮಾತ್ರ ಅಳು ಬಂದರೆ ಅಳುತ್ತಾರೆ, ಬೆಟ್ಟ ಕರೆದರೆ ಹೋಗುತ್ತಾರೆ. ಮತ್ತೆ ಗಾಳಿ, ಹಳೆಯ ಸಿಟ್ಟಿಗೆ ದೀಪವನ್ನು ಈಗಲೂ ಆರಿಸುತ್ತದೆ, ಕೆಂಡವನ್ನು ಕಂಡರೆ ಮಾತ್ರ ಮೆಲ್ಲಗೆ ಊದಿ ಕೆಂಪಾಗಿಸುತ್ತದೆ.