ಮೂರು ಸಲ ದಡಕ್ಕೆ ಬಂದ ಡಾಲ್ಫಿನ್

"ಗುರುಗಳೇ, ಬಡಿಸಲು ನಿಂತವನ ಕೈಯಿಂದ ಸೌಟು ಕಿತ್ತುಕೊಂಡಿರಿ, ನಾಲ್ಕು ಜನರ ಮುಂದೆ ಗದರಿದಿರಿ. ಜ್ವರ ಬಂದರೂ ಸೇವೆ ಬಿಡದವನು ನಾನು. ನನ್ನ ತಪ್ಪೇನು?" ಎಂದು ಶಿಷ್ಯನು ಕೆಮ್ಮುತ್ತಲೇ ಕೇಳಿದನು.

ಗುರುಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಹತ್ತಿರ ಬರಬೇಡ. ಅಲ್ಲೇ ನಿಂತು ಕೇಳು" ಎಂದರು.

ಒಂದು ಅಳಿವೆಯಲ್ಲಿ ಒಬ್ಬ ಮೀನುಗಾರನಿದ್ದನು. ಅವನು ಸೀನಿದರೆ ಅಲೆ ಹಿಂದಕ್ಕೆ ಸರಿಯುತ್ತಿತ್ತು. ಹಾಗೆಂದು ಅವನೇ ಹೇಳುತ್ತಿದ್ದನು. ನಿಜ ಬೇರೆ. ಹನ್ನೆರಡು ಡಾಲ್ಫಿನ್‌ಗಳ ಹಿಂಡೊಂದು ದಿನವೂ ಮೀನನ್ನು ದಡದ ಕಡೆಗೆ ಅಟ್ಟಿಕೊಂಡು ಬರುತ್ತಿತ್ತು. ಅವನು ಬಲೆ ಬೀಸುತ್ತಿದ್ದನು, ತಪ್ಪಿಸಿಕೊಂಡದ್ದನ್ನು ಅವು ತಿನ್ನುತ್ತಿದ್ದವು. ಅವನ ಮನೆಯ ಒಲೆ ಉರಿಯುತ್ತಿದ್ದುದು ಅವುಗಳಿಂದ.

ಒಂದು ಬೆಳಿಗ್ಗೆ ಅವುಗಳಲ್ಲಿ ಒಂದು ಮರಳಿನ ಮೇಲೆ ಬಂದು ಬಿದ್ದಿತ್ತು. ಮೈ ಕಾದಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಮೀನುಗಾರನು ಅದನ್ನು ಒಬ್ಬನೇ ನೂಕಿ ನೀರಿಗೆ ಬಿಟ್ಟನು. ಅವನು ಸಂತೆ ಮುಟ್ಟುವ ಹೊತ್ತಿಗೆ ಅವನ ಬಾಯಲ್ಲಿ ಆ ಡಾಲ್ಫಿನ್ ತಿಮಿಂಗಿಲವಾಗಿತ್ತು.

ಮರುದಿನ ಅದು ಮತ್ತೆ ಬಂತು. ಮತ್ತೆ ನೂಕಿದನು. ಮೂರನೆಯ ದಿನ ಜನ ನೋಡಲು ನೆರೆದರು. ಗುಂಪಿನಲ್ಲಿದ್ದ ಪಶುವೈದ್ಯೆಯೊಬ್ಬಳು ಅಡ್ಡ ನಿಂತಳು.

"ಬಿಡಿ ಮಾರಾಯ್ರೇ! ಇದಕ್ಕೆ ವೈರಸ್ ತಗುಲಿದೆ, ಅಂಟುರೋಗ. ಹಿಂಡಿಗೆ ಸೇರಿಸಿದರೆ ಹಿಂಡೇ ಹೋಗುತ್ತದೆ. ಇಲ್ಲೇ ಇರಲಿ, ನಾನು ನೋಡಿಕೊಳ್ಳುತ್ತೇನೆ."

"ಹೋಗಿ ಅಮ್ಮ, ನೀವು ದನಕ್ಕೆ ಸೂಜಿ ಚುಚ್ಚಿ! ಎರಡು ಸಲ ಉಳಿಸಿದ ತೋಳು ಇದು. ಮೂರನೆಯ ಸಲ ಸಾಯಲು ಬಿಡುತ್ತದೆಯೇ?"

ಜನ ಚಪ್ಪಾಳೆ ತಟ್ಟಿದರು. ಅವನು ನೂಕಿದನು.

ತಿಂಗಳು ತುಂಬುವಷ್ಟರಲ್ಲಿ ಹನ್ನೆರಡೂ ಒಂದೊಂದಾಗಿ ದಡಕ್ಕೆ ಬಂದು ಬಿದ್ದವು. ನೂಕೋಣವೆಂದರೆ ಯಾವುದರಲ್ಲೂ ಜೀವವಿರಲಿಲ್ಲ. ಮೀನು ಅಟ್ಟುವವರಿಲ್ಲದೆ ಬೀಸಿದ ಬಲೆ ಬರಿದೇ ಬಂತು. ಮೀನುಗಾರನು ದೋಣಿಯ ಹುಟ್ಟಿನಿಂದ ನೀರನ್ನು ಬಡಿಬಡಿದು, "ಮೂರು ಸಲ ಉಳಿಸಿದೆನಲ್ಲೋ, ಇದೇನೋ ನಿನ್ನ ನ್ಯಾಯ!" ಎಂದು ಕಡಲಿಗೆ ಬೈದನು. ಕಡಲಿಗೆ ಚಪ್ಪಾಳೆ ತಟ್ಟಿ ಅಭ್ಯಾಸವಿರಲಿಲ್ಲ.

"ಆದರೂ ಅವನ ಮನಸ್ಸು ಒಳ್ಳೆಯದಿತ್ತಲ್ಲ, ಗುರುಗಳೇ?" ಎಂದನು ಶಿಷ್ಯ.

ಒಳಗೆ ಎಲೆಯ ಮುಂದೆ ಮುದುಕರು, ಮಕ್ಕಳು ಕಾದು ಕುಳಿತಿದ್ದರು. ಗುರುಗಳು ಅತ್ತ ಬೊಟ್ಟು ಮಾಡಿದರು.

"ಆ ಮೂಕಪ್ರಾಣಿ ಮೂರು ಸಲ ಹಿಂಡು ಬಿಟ್ಟು ಬಂತು, ನಿನಗೆ ಒಂದು ಸಲ ಪಂಕ್ತಿ ಬಿಡಲಾಗದೇ?"