ಬಳಸುದಾರಿಯ ಬಸ್ಸು

“ಬುದ್ಧಿ, ಕಾಯುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಏನನ್ನು ಕಾಯುತ್ತಿದ್ದೀಯೆ ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಹೇಳಿಕೊಂಡ. ಮಠಕ್ಕೆ ಬರುವ ಮೊದಲು ಅವನು ಗೆಳೆಯನೊಬ್ಬನ ಮನಸ್ಸು ನೋಯಿಸಿದ್ದ. ಹೋಗಿ ತಪ್ಪಾಯಿತೆಂದು ಹೇಳಬೇಕೆಂಬ ಆಸೆ ದಿನವೂ ಆಗುತ್ತಿತ್ತು. ಆದರೆ ಮನಸ್ಸಿನ್ನೂ ಹದಕ್ಕೆ ಬಂದಿಲ್ಲ, ಈಗ ಹೋದರೆ ಮಾತು ಎಲ್ಲಿಂದ ಎಲ್ಲಿಗೋ ಹೋದೀತು, ಒಳಗೆಲ್ಲ ಸರಿಯಾದ ಮೇಲೆ ಹೋಗಿ ಚೆನ್ನಾಗಿ ಮಾತಾಡಿ ಬರೋಣ ಎಂದುಕೊಂಡಿದ್ದ.

ಗುರುಗಳು ನಕ್ಕರು. ಹಾಗಾದರೆ ಒಳಗೆ ರಿಪೇರಿ ನಡೆಯುತ್ತಿದೆ ಅನ್ನು, ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹತ್ತಿರದ ಪಟ್ಟಣದಲ್ಲಿ ಅವನದೊಂದು ಪಾತ್ರೆ ಅಂಗಡಿ. ಬೆಳಿಗ್ಗೆ ಕಾರಿನಲ್ಲಿ ಹೋಗುತ್ತಿದ್ದ, ಸಂಜೆ ಕಾರಿನಲ್ಲಿ ಬರುತ್ತಿದ್ದ. ಐದು ಜನ ಕೂರುವ ಕಾರಿನಲ್ಲಿ ಕೂರುತ್ತಿದ್ದವನು ಅವನೊಬ್ಬನೇ. ಹಾಗಂತ ಕೆಟ್ಟವನಲ್ಲ. ಅಂಗಡಿಗೆ ಬಂದವರನ್ನು ಬಾಯ್ತುಂಬ ಮಾತಾಡಿಸುತ್ತಿದ್ದ, ಸ್ಟೂಲು ಎಳೆದು ಕೂರಿಸುತ್ತಿದ್ದ. ಕಾರಿನ ವಿಷಯ ಮಾತ್ರ ಬೇರೆ. ಅದರೊಳಗೆ ಬೇರೆಯವರ ಚಪ್ಪಲಿಯ ಮಣ್ಣು ಬಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನಿಗೆ ಒಬ್ಬಳು ಅಕ್ಕ ಇದ್ದಳು. ಊರಿಗೂ ಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದ್ದ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಇಬ್ಬರಿಗೂ ಮಾತಿರಲಿಲ್ಲ. ಅದಕ್ಕೆ ಕಾರಣ ಇದು. ತಾಯಿ ತೀರಿಕೊಂಡ ದಿನ ಅಕ್ಕನಿಗೆ ಫೋನು ಮಾಡಿ ತಿಳಿಸಿದರು. ಅವಳು ಹೆದ್ದಾರಿಯ ತನಕ ನಡೆದು ಬಂದು ಬಸ್ಸಿಗೆ ಕಾದಳು. ಬಂದ ಬಸ್ಸುಗಳು ನಿಲ್ಲಲಿಲ್ಲ. ಇತ್ತ ಊರಿನ ಹಿರಿಯರು ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದು ಅವಸರ ಮಾಡಿದರು. ಅಕ್ಕ ಬರುವಷ್ಟರಲ್ಲಿ ತಾಯಿಯ ಮೇಲೆ ಮಣ್ಣು ಎಳೆದಾಗಿತ್ತು.

ಅವಳು ಜಗಳ ಮಾಡಲಿಲ್ಲ. ತಮ್ಮನ ಮುಂದೆ ನಿಂತು ಒಂದೇ ಮಾತು ಹೇಳಿದಳು.

“ನಿನ್ ಹತ್ರ ಕಾರಿತ್ತಲ್ಲಪ್ಪ.”

ಕಾರು ಬಾಗಿಲಲ್ಲೇ ನಿಂತಿತ್ತು. ಕಳಿಸಬೇಕೆಂದು ಅವನಿಗೆ ಹೊಳೆದಿರಲಿಲ್ಲ. ದುಃಖದಲ್ಲಿ ಹೊಳೆಯಲಿಲ್ಲವೋ, ಯಾರನ್ನೂ ಕೂರಿಸಿಕೊಂಡು ಅಭ್ಯಾಸವಿಲ್ಲದೆ ಹೊಳೆಯಲಿಲ್ಲವೋ, ಅದನ್ನು ಅವನೂ ಹೇಳಲಾರ. ನೆಂಟರಿಷ್ಟರ ಎದುರಿಗೇ ಅಂದುಬಿಟ್ಟಳಲ್ಲ ಎಂದು ಮೊದಲು ಸಿಟ್ಟು ಬಂತು. ಸಿಟ್ಟು ಇಳಿದಾಗ ನಾಚಿಕೆ ಉಳಿಯಿತು. ನಾಚಿಕೆಯನ್ನು ಹೊತ್ತುಕೊಂಡು ಅಕ್ಕನ ಬಾಗಿಲಿಗೆ ಹೋಗುವುದು ಹೇಗೆಂದು ತಿಳಿಯದೆ ವರ್ಷಗಳು ಕಳೆದವು. ಹಬ್ಬ ಹರಿದಿನಗಳಲ್ಲಿ ಅವಳ ನೆನಪಾಗುತ್ತಿತ್ತು. ಹೆಂಡತಿ ಹೋಗಿ ಬನ್ನಿ ಎಂದರೆ ರೇಗುತ್ತಿದ್ದ.

ಅಷ್ಟರಲ್ಲಿ ಹೆದ್ದಾರಿಯನ್ನು ಅಗೆದರು.

ಅಗಲ ಮಾಡಬೇಕು, ಎತ್ತರಿಸಬೇಕು, ಎಲ್ಲಾ ಹೊಸದಾಗಬೇಕು ಎಂದು ಅಗೆದರು. ಕೆಲಸ ಮುಗಿಯುವ ತನಕ ಜನ ಓಡಾಡಬೇಕಲ್ಲ. ಪಕ್ಕದಲ್ಲೊಂದು ಇಕ್ಕಟ್ಟಾದ ದಾರಿ ಉಳಿಸಿದರು. ಬೆಳಗಿನ ಹೊತ್ತು ಆ ದಾರಿಯಲ್ಲಿ ಜನ ತುಂಬಿದ ಕಾರಿಗೆ ಮಾತ್ರ ಅವಕಾಶ. ಒಬ್ಬನೇ ಕೂತು ಬಂದವನನ್ನು ತಿರುಗಿಸಿ ಕಳಿಸುತ್ತಿದ್ದರು. ಉಳಿದವರಿಗಾಗಿ ಬಸ್ಸು ಹೆಚ್ಚಿಸಿದರು. ಆ ಬಸ್ಸುಗಳು ಹಳ್ಳಿಗಳ ಮೇಲೆ ಬಳಸಿಕೊಂಡು ಪಟ್ಟಣ ಸೇರುತ್ತಿದ್ದವು.

ವ್ಯಾಪಾರಿ ಮೊದಲ ದಿನ ನೆರೆಯವರನ್ನು ಕೂರಿಸಿಕೊಂಡು ಹೊರಟ. ಒಬ್ಬರು ಕಿಟಕಿ ಇಳಿಸಿ ಎಲೆಯಡಿಕೆ ಉಗಿದರು. ಇನ್ನೊಬ್ಬರು ದಾರಿಯುದ್ದಕ್ಕೂ ಕಾರು ಓಡಿಸುವುದು ಹೇಗೆಂದು ಅವನಿಗೆ ಪಾಠ ಹೇಳಿದರು. ಮಾರನೆಯ ದಿನವೇ ಅವನು ಕಾರಿಗೆ ಹೊದಿಕೆ ಹೊದಿಸಿ ಶೆಡ್ಡಿನಲ್ಲಿಟ್ಟು, ಧೂಳಿಗೆಂದು ಹೆಗಲಿಗೊಂದು ಟವೆಲ್ ಹಾಕಿಕೊಂಡು ಬಸ್ಸು ಹತ್ತಿದ.

ಬಸ್ಸು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿತು. ಅಕ್ಕನ ಹಳ್ಳಿಯಲ್ಲಿ ನಿಂತಿತು. ಅಕ್ಕ ಹತ್ತಿದಳು.

ಪಟ್ಟಣದಲ್ಲಿ ಅವಳ ಮಗಳ ಮನೆ ಇತ್ತು. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರು. ಹಳ್ಳಿಗೆ ಈ ಬಸ್ಸು ಬಂದ ಮೇಲೆ ಅಕ್ಕ ದಿನವೂ ಹೋಗಿ ಮೊಮ್ಮಗುವನ್ನು ನೋಡಿಕೊಂಡು ಸಂಜೆ ಹಿಂದಿರುಗುತ್ತಿದ್ದಳು. ಅವಳು ತಮ್ಮನನ್ನು ಕಂಡಳು. ತಮ್ಮ ಅವಳನ್ನು ಕಂಡ. ಇಬ್ಬರೂ ಕಿಟಕಿಯ ಕಡೆ ತಿರುಗಿಕೊಂಡರು. ಬಸ್ಸು ಕಿಕ್ಕಿರಿದಿತ್ತು. ಅವಳು ಕಂಬಿ ಹಿಡಿದು ಪಟ್ಟಣದವರೆಗೂ ನಿಂತೇ ಬಂದಳು. ಎದ್ದು ಸೀಟು ಕೊಡಬೇಕೆಂದರೆ ಬಾ ಅಕ್ಕ, ಕೂತುಕೋ ಎಂದು ಹೇಳಬೇಕಾಗುತ್ತದೆ. ಅವನ ನಾಲಿಗೆ ಏಳಲಿಲ್ಲ. ಆ ದಿನ ಅಂಗಡಿಯಲ್ಲಿ ಅವನು ಕೊಟ್ಟ ಚಿಲ್ಲರೆಯೆಲ್ಲ ತಪ್ಪಿತು.

ಮಾರನೆಯ ಬೆಳಿಗ್ಗೆ ಬಸ್ಸು ಹೊರಡುವ ಮೊದಲೇ ಹತ್ತಿ, ಮುಂದಿನ ಹೆಂಗಸರ ಸೀಟಿನ ಮೇಲೆ ತನ್ನ ಟವೆಲ್ ಹಾಸಿ, ಹಿಂದೆ ಹೋಗಿ ಕೂತ. ಹೆಂಗಸರು ಸುಮ್ಮನಿರುತ್ತಾರೆಯೇ? ಗಂಡಸರಿಗೆ ಇಲ್ಲೇನು ಕೆಲಸ ಎಂದು ತರಾಟೆಗೆ ತೆಗೆದುಕೊಂಡರು. ಕಂಡಕ್ಟರು ಬಂದು ಯಾರಿಗೆ ಹಿಡಿದದ್ದು ಎಂದು ಕೇಳಿದ. ಮುಂದಿನ ಹಳ್ಳಿಯಲ್ಲಿ ಒಬ್ಬರು ಹತ್ತುತ್ತಾರೆ, ವಯಸ್ಸಾದವರು, ಎಂದು ವ್ಯಾಪಾರಿ ಹೇಳಿದ. ನಮ್ಮ ಅಕ್ಕ ಎನ್ನುವ ಮಾತು ಬಾಯಿಯ ತನಕ ಬಂದು ಒಳಗೆ ಹೋಯಿತು.

ಅಕ್ಕ ಹತ್ತಿದಾಗ ಕಂಡಕ್ಟರು ಟವೆಲ್ ತೋರಿಸಿ, ಹಿಂದೆ ಕೂತವರು ನಿಮಗೇ ಹಿಡಿದಿದ್ದಾರಮ್ಮ ಎಂದ. ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೂತಳು. ಪಟ್ಟಣ ಬಂದಾಗ ಟವೆಲ್ ಕೈಯಿಂದ ಕೈಗೆ ದಾಟಿ ಅವನ ಹತ್ತಿರ ಬಂತು. ಅದನ್ನು ಮಡಿಸಿದ್ದಳು. ಅಂಚಿಗೆ ಅಂಚು ಕೂಡಿಸಿ, ಮೂಲೆಗಳನ್ನು ಒಳಗೆ ತಳ್ಳಿ, ಅಮ್ಮ ಮಡಿಸುತ್ತಿದ್ದ ರೀತಿಯಲ್ಲೇ ಮಡಿಸಿದ್ದಳು. ವ್ಯಾಪಾರಿ ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಅಂಗಡಿಗೆ ಹೋದ.

ಹೀಗೆ ಅದು ದಿನದ ರೂಢಿಯಾಯಿತು. ಅವನು ಹಾಸುತ್ತಿದ್ದ, ಅವಳು ಮಡಿಸಿ ಕಳಿಸುತ್ತಿದ್ದಳು. ಬರಬರುತ್ತಾ ಮುಂದಿನ ಹೆಂಗಸರೇ ಆ ಜಾಗವನ್ನು ಕಾಯತೊಡಗಿದರು. ಬಸ್ಸಿನಲ್ಲಿ ಎಲ್ಲರೂ ಹೆದ್ದಾರಿಯವರನ್ನು ಬೈಯುತ್ತಿದ್ದರು. ಧೂಳನ್ನು ಬೈಯುತ್ತಿದ್ದರು, ಗುಂಡಿಯನ್ನು ಬೈಯುತ್ತಿದ್ದರು. ವ್ಯಾಪಾರಿಯೂ ಅವರ ಜೊತೆ ಸೇರಿ ಒಂದೆರಡು ಮಾತು ಬೈಯುತ್ತಿದ್ದ, ಬೈಯದಿದ್ದರೆ ಚೆನ್ನಾಗಿರುವುದಿಲ್ಲವೆಂದು. ಆದರೆ ಮನೆಯಿಂದ ಹೊರಡುವಾಗ ಅವನಿಗೆ ಖುಷಿಯಾಗುತ್ತಿತ್ತು. ಅವಳ ಹಳ್ಳಿ ಹತ್ತಿರವಾದಂತೆ ಕತ್ತು ಚಾಚಿ ನೋಡುತ್ತಿದ್ದ. ಅವನಿಗೆ ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ, ನರೆತ ತುರುಬು ಮಾತ್ರ. ಒಂದು ದಿನ ಅವಳು ಬರದಿದ್ದರೆ ಹುಷಾರಿಲ್ಲವೇನೋ ಎಂದು ಸಂಜೆಯ ತನಕ ತಳಮಳಿಸುತ್ತಿದ್ದ.

ಸಂಕ್ರಾಂತಿಯ ಮಾರನೆಯ ದಿನ ಟವೆಲ್ ಸ್ವಲ್ಪ ಭಾರವಾಗಿ ಬಂತು. ಬಿಡಿಸಿದರೆ ಒಳಗೆ ಎಳ್ಳುಬೆಲ್ಲದ ಪೊಟ್ಟಣ. ಎಳ್ಳುಬೆಲ್ಲ ಕೊಡುವಾಗ ಏನು ಹೇಳುತ್ತಾರೆಂದು ನಿನಗೂ ಗೊತ್ತು. ಅವಳು ಅದನ್ನು ಹೇಳಿರಲಿಲ್ಲ. ಹೇಳದಿದ್ದರೂ ಅವನಿಗೆ ಕೇಳಿಸಿತು.

ಅವನು ಎದ್ದ. ಎಲ್ಲರೂ ಇಳಿಯಲು ಅವಸರಪಡುತ್ತಿದ್ದರು. ಜನರ ನಡುವೆ ತೂರಿಕೊಂಡು ಅವಳ ಸೀಟಿನ ಹತ್ತಿರದ ತನಕ ಹೋದ. ಕೈ ಚಾಚಿದರೆ ಅವಳ ಭುಜ ಸಿಗುತ್ತಿತ್ತು. ಯಾರೋ ಹೆಂಗಸು ತಿರುಗಿ ನೋಡಿದಳು. ಕಂಡಕ್ಟರು, ಬೇಗ ಬೇಗ ಇಳೀರಿ ಎಂದು ಕೂಗಿದ. ಅವನ ಧೈರ್ಯ ಕರಗಿತು. ಇಷ್ಟು ದೊಡ್ಡ ಮಾತನ್ನು ಈ ಗಲಾಟೆಯಲ್ಲಿ, ಈ ಧೂಳಿನಲ್ಲಿ ಆಡುವುದೇ, ಎಂದುಕೊಂಡ. ಹಿಂದಿನ ಬಾಗಿಲಿನಿಂದ ಇಳಿದು ಹೋದ.

ಅಂದು ಅವನು ಮನಸ್ಸಿನಲ್ಲೇ ಒಂದು ಏರ್ಪಾಡು ಮಾಡಿಕೊಂಡ. ಹೆದ್ದಾರಿ ಮುಗಿಯಲಿ. ಮುಗಿದ ದಿನ ಕಾರು ತೊಳೆಸುತ್ತೇನೆ. ಹಣ್ಣು, ಹೂವು, ಒಂದು ಒಳ್ಳೆಯ ಸೀರೆ ತೆಗೆದುಕೊಂಡು ಅವಳ ಬಾಗಿಲಿಗೇ ಹೋಗುತ್ತೇನೆ. ಅಕ್ಕ, ಅವತ್ತು ಕಳಿಸಬೇಕಾಗಿತ್ತು, ಇವತ್ತು ತಂದಿದ್ದೇನೆ, ಹತ್ತು ಎನ್ನುತ್ತೇನೆ. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಮ್ಮನನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದೊಯ್ಯುತ್ತೇನೆ. ಈ ಯೋಚನೆ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ದಿನವೂ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದ. ಹಾಗೆ ನೋಡುತ್ತಾ ಅವಳ ಬೆನ್ನಿನ ಹಿಂದೆ ಸುಮ್ಮನೆ ಕೂತಿರುತ್ತಿದ್ದ.

ಹೆದ್ದಾರಿ ಮುಗಿಯಿತು.

ಅದೊಂದು ಒಳ್ಳೆಯ ರಸ್ತೆ. ಸುಳ್ಳು ಯಾಕೆ ಹೇಳಬೇಕು? ಊರಿನಿಂದ ಪಟ್ಟಣಕ್ಕೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೋಗಿಬಿಡಬಹುದು. ಎರಡು ಕಡೆಯೂ ಬೇಲಿ ಕಟ್ಟಿದರು. ಬಸ್ಸುಗಳು ನಡುವೆ ಎಲ್ಲೂ ನಿಲ್ಲದೆ ಮೇಲಿನಿಂದಲೇ ಹೋಗತೊಡಗಿದವು. ಬಳಸುದಾರಿಯ ಬಸ್ಸು ಇನ್ನು ಯಾಕೆ ಎಂದು ಅದನ್ನು ತೆಗೆದರು. ಯಾರೂ ಅದಕ್ಕಾಗಿ ಗೊಣಗಲಿಲ್ಲ. ಗೊಣಗಬೇಕಾದ ಹಳ್ಳಿಯವರ ಮಾತು ಮೇಲಿನ ರಸ್ತೆಗೆ ಕೇಳಿಸುವುದೂ ಇಲ್ಲ.

ವ್ಯಾಪಾರಿ ಕಾರು ತೆಗೆದ. ಹೊಸ ರಸ್ತೆಯ ಮೇಲಿಂದ ಅಕ್ಕನ ಹಳ್ಳಿ ಕೆಳಗೆ ಕಾಣುತ್ತಿತ್ತು. ಇದೇ ಅವಳ ಮನೆಯ ಮಾಡು ಎಂದು ಗುರುತು ಹಿಡಿಯುವಷ್ಟರಲ್ಲಿ ಹಿಂದೆ ಬೀಳುತ್ತಿತ್ತು. ಹೋಗಬೇಕು ಎಂದುಕೊಳ್ಳುತ್ತಿದ್ದ. ಕಾರಿನ ಸೀಟಿನ ಬಟ್ಟೆ ಹಳತಾಗಿತ್ತು, ಅದನ್ನು ಬದಲಾಯಿಸಿ ಹೋಗೋಣ ಎಂದ. ಅಷ್ಟರಲ್ಲಿ ಆಷಾಢ ಬಂತು. ಶುಭಕಾರ್ಯಕ್ಕೆ ಆಷಾಢ ಬೇಡ ಎಂದ. ಶ್ರಾವಣ ಬಂದಾಗ ಮದುವೆಗಳ ವ್ಯಾಪಾರ ಶುರುವಾಯಿತು. ಬಸ್ಸಿನಲ್ಲಿದ್ದಾಗ ದಿನವೂ ಕಾಣುತ್ತಿದ್ದ ತುರುಬು ಈಗ ಕಣ್ಣು ಮುಚ್ಚಿದರೆ ಮಾತ್ರ ಕಾಣುತ್ತಿತ್ತು. ಕಾರಿನಲ್ಲಿ ಒಬ್ಬನೇ ಕೂತಿದ್ದಾಗ ಅವನಿಗೆ ಅಳು ಬಂದದ್ದೂ ಉಂಟು.

ಕಡೆಗೂ ಒಂದು ದಿನ ಹೋದ. ಕಾರು ತೊಳೆಸಿದ್ದ. ಹಣ್ಣು, ಹೂವು, ಸೀರೆ ಎಲ್ಲ ಇತ್ತು. ಅಕ್ಕನ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸು ನಿಂತ ಮೇಲೆ ಆ ಅಮ್ಮನಿಗೆ ಪಟ್ಟಣಕ್ಕೆ ಹೋಗಿ ಬರಲು ಆಗಲಿಲ್ಲ, ಮಗು ನೋಡಿಕೊಳ್ಳುವವರಿಲ್ಲದೆ ಮಗಳು ಅವರನ್ನು ತನ್ನ ಮನೆಗೇ ಕರೆದುಕೊಂಡಳು, ಈಗ ಅಳಿಯನಿಗೆ ವರ್ಗವಾಗಿ ಎಲ್ಲರೂ ದೂರದ ಊರಿಗೆ ಹೋಗಿದ್ದಾರೆ, ಎಂದಳು. ಊರಿನ ಹೆಸರನ್ನೂ ಹೇಳಿದಳು. ಅದು ಒಂದು ಹಗಲಿಡೀ ಪ್ರಯಾಣದ ದೂರ. ಅವನು ಹೊರಡಲು ತಿರುಗಿದಾಗ ಅವಳಿಗೆ ಇನ್ನೊಂದು ವಿಷಯ ನೆನಪಾಯಿತು.

“ಬಸ್ಸು ನಿಂತ್ ಮೇಲೂ ಸ್ವಲ್ಪ ದಿನ ಬೆಳಿಗ್ಗೆ ಹೊತ್ತು ಸ್ಟಾಪಿಗೆ ಹೋಗಿ ಕೂತ್ಕೊಳ್ಳೋರು. ಇನ್ನು ಬಸ್ ಬರಲ್ಲ ಕಣಮ್ಮ ಅಂದ್ರೆ, ಗೊತ್ತು, ಕಾರೊಂದು ಬರಬೋದು ಅನ್ನೋರು.”

ವ್ಯಾಪಾರಿ ಹಣ್ಣನ್ನು ಆ ಹೆಂಗಸಿಗೆ ಕೊಟ್ಟ. ಕಾರಿನಲ್ಲಿ ಬಂದು ಕೂತು, ಗಾಜು ಏರಿಸಿಕೊಂಡು, ತಾಯಿ ಸತ್ತ ದಿನ ಅಳದೆ ಉಳಿಸಿಕೊಂಡಿದ್ದನ್ನೂ ಸೇರಿಸಿ ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಅವನಿಗೆ ಆ ವ್ಯಾಪಾರಿಯ ಮೇಲೆ ಕನಿಕರ ಹುಟ್ಟಿತ್ತು.

“ಆಮೇಲಾದರೂ ಅಕ್ಕನ ಹತ್ತಿರ ಹೋದನೇ, ಬುದ್ಧಿ?”

“ಆ ಊರಿನ ದಾರಿಯಲ್ಲಿ ಸೇತುವೆ ಕಟ್ಟುತ್ತಿದ್ದಾರಂತೆ, ಅದೊಂದು ಮುಗಿಯಲಿ ಎಂದು ಕಾಯುತ್ತಿದ್ದಾನೆ” ಎಂದರು ಗುರುಗಳು.